ಕಂಬಳಿಯ ಕ್ಷೌರ

ನಾಯಿಗೆ ಬಾಚಣಿಗೆಯೊಂದೇ ಸಾಕೇ, ಕತ್ತರಿಯೂ ಬೇಕೇ ಎಂಬ ಪ್ರಶ್ನೆ ಮನುಕುಲವನ್ನು ಇದುವರೆಗೆ ಅಷ್ಟಾಗಿ ಕಾಡಿರಲಿಕ್ಕಿಲ್ಲ. ಆದರೆ ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಪ್ರಾಣಿ ಆಶ್ರಯದ ಹಿತ್ತಲಿನ ನಲ್ಲಿಯ ಬಳಿ ಅದು ಎದ್ದಿತು, ಮತ್ತು ಅದಕ್ಕೆ ಸಿಕ್ಕ ಉತ್ತರದಿಂದ ಒಂದು ಜೀವದ ಭವಿಷ್ಯವೇ ಅಲ್ಲಾಡಿಹೋಯಿತು. ನಡೆದದ್ದನ್ನು ನಡೆದ ಹಾಗೆ ಬರೆದಿಡುವುದು ಕಣ್ಣಾರೆ ಕಂಡವನ ಕರ್ತವ್ಯ.

ಉತ್ತರ ಕೊಟ್ಟವಳು ನನ್ನ ಚಿಕ್ಕಮ್ಮ. ಅರ್ಧ ಆಯುಷ್ಯ ಬ್ಯೂಟಿ ಪಾರ್ಲರ್ ನಡೆಸಿ, ಮೊಣಕಾಲು ನೋವೆಂದು ಅದನ್ನು ಬೇರೆಯವರಿಗೆ ವಹಿಸಿ, ಮನೆಯಲ್ಲಿ ಕೂತು ಚಿಕ್ಕಪ್ಪನ ತಲೆ ತಿನ್ನತೊಡಗಿದ್ದಳು. ಆ ತಲೆಯಲ್ಲೋ ಅವಳ ವಿದ್ಯೆಗೆ ಬೇಕಾದ ಕಚ್ಚಾ ಸಾಮಗ್ರಿಯೇ ಇರಲಿಲ್ಲ. ಕೊನೆಗೆ ಚಿಕ್ಕಪ್ಪನೇ, "ಭಾನುವಾರ ಅದೆಲ್ಲೋ ನಾಯಿ ಸೇವೆಗೆ ಹೋಗ್ತೀಯಲ್ಲ, ಇವಳನ್ನೂ ಕರ್ಕೊಂಡು ಹೋಗೋ ಮಾರಾಯ. ನಿನಗೆ ಪುಣ್ಯ, ನನಗೆ ನಿದ್ದೆ" ಎಂದು ಕೈಮುಗಿದರು. ಅಂದಿನಿಂದ ಅವಳು ನನ್ನ ಸ್ಕೂಟರಿನ ಹಿಂದಿನ ಸೀಟಿನ ಒಡತಿ.

ಆಶ್ರಯದಲ್ಲಿ ನಮ್ಮಂಥವರಿಗೆ ಇರುವ ಕೆಲಸವೆಂದರೆ ನೆಲ ತೊಳೆಯುವುದು, ತಟ್ಟೆ ಉಜ್ಜುವುದು, ಯಾರೋ ದಾನ ಕೊಟ್ಟ ಹಳೇ ಟವೆಲ್‌ಗಳನ್ನು ಮಡಿಸಿಡುವುದು. ನಾನು ಅದನ್ನೇ ಮಾಡುತ್ತೇನೆ. ಚಿಕ್ಕಮ್ಮ ಮಾತ್ರ ಮೊದಲ ದಿನವೇ ತನ್ನ ಗಿರಾಕಿಗಳನ್ನು ಹುಡುಕಿಕೊಂಡಳು. "ಸ್ವಲ್ಪ ತಲೆ ಬಗ್ಗಿಸಮ್ಮ. ಅಯ್ಯೋ, ಹೊಟ್ಟು ನೋಡು ಎಷ್ಟಿದೆ! ತಲೆಗೆ ಏನು ಹಚ್ತೀಯ?" ಎಂದು ಅವಳು ಕೇಳಿದರೆ, ಇಡೀ ಬೀದಿಯನ್ನು ಆಳಿ ಬಂದ ನಾಯಿಯೂ ಏನೋ ತಪ್ಪು ಮಾಡಿದವರಂತೆ ನೆಲ ನೋಡುತ್ತಿತ್ತು.

ಕೊನೆಯ ಗೂಡಿನಲ್ಲಿದ್ದವನು ಕಂಬಳಿ. ಹೆಸರು ಮೈ ನೋಡಿ ಇಟ್ಟದ್ದು. ಕೂದಲು ಗಂಟುಗಟ್ಟಿ ನೆಲಕ್ಕೆ ಜೋತು, ಮುಂಭಾಗ ಯಾವುದು ಹಿಂಭಾಗ ಯಾವುದು ಎಂದು ಬಾಲ ಆಡಿಸಿದಾಗಲಷ್ಟೇ ತಿಳಿಯಬೇಕು. ಅವನು ಆಡಿಸುತ್ತಿರಲಿಲ್ಲ. ನಾಯಿ ಬೇಕೆಂದು ಯಾರಾದರೂ ಬಂದರೆ ಗೋಡೆಗೆ ಮುಖ ಮಾಡಿ ಕೂತುಬಿಡುತ್ತಿದ್ದ. ಬಂದವರು ಪಕ್ಕದ ಗೂಡಿನ ಮರಿಗೆ ಮರುಳಾಗಿ ಹೋಗುತ್ತಿದ್ದರು. ಬಾಚಲು ಡಾಕ್ಟರಮ್ಮನನ್ನೂ ಹತ್ತಿರ ಬಿಟ್ಟುಕೊಂಡವನಲ್ಲ. ಡಾಕ್ಟರಮ್ಮ ಎಂದರೆ ಆಶ್ರಯವನ್ನು ನಡೆಸುವ ಪಶುವೈದ್ಯೆ. ಜಾಗ ಸಾಲದೆ ಸೋಮವಾರ ಅವನನ್ನು ದೂರದ ದೊಡ್ಡ ಆಶ್ರಯಕ್ಕೆ ಸಾಗಿಸುವುದೆಂದು ಅವರು ತೀರ್ಮಾನಿಸಿದ್ದರು. ಅಲ್ಲಿ ನೂರಾರು ನಾಯಿಗಳು. ಗೋಡೆಗೆ ಮುಖ ಮಾಡಿದವನನ್ನು ಅಲ್ಲಿ ಯಾರು ಕೇಳುತ್ತಾರೆ?

ಅಷ್ಟರಲ್ಲಿ ಒಬ್ಬ ಬಡಗಿ ಬಂದರು. ಎದೆಯವರೆಗೆ ಇಳಿದ ಪೊದೆಯಂಥ ಗಡ್ಡ. ಅದರೊಳಗೆ ಎಲ್ಲೋ ಒಬ್ಬ ಮನುಷ್ಯ. ಗೂಡಿನ ಎದುರು ನೆಲದ ಮೇಲೆ ಕೂತರು, ಅವನ ಬೆನ್ನಿಗೆ ಮೆಲ್ಲಗೆ ಏನೋ ಮಾತಾಡಿದರು, ಹೋದರು. ಮತ್ತೆ ಬಂದರು. ಮೂರನೆಯ ಸಲ ಕಂಬಳಿ ಇತ್ತ ತಿರುಗಿದ. "ಅಣ್ಣತಮ್ಮಂದಿರ ಹಾಗೇ ಇದ್ದಾರಲ್ಲೋ" ಎಂದು ಚಿಕ್ಕಮ್ಮ ನನ್ನ ಕಿವಿ ಕಚ್ಚಿದಳು. ಡಾಕ್ಟರಮ್ಮ ಇಬ್ಬರನ್ನೂ ಸೇರಿಸಿ ಫೋಟೋ ತೆಗೆದು, ಆ ಸೋಮವಾರಕ್ಕೆ ಮೊದಲೇ, ಭಾನುವಾರ ಬಂದು ಕರೆದುಕೊಂಡು ಹೋಗಿ ಎಂದರು.

ಆ ಭಾನುವಾರ ಇಡೀ ಆಶ್ರಯಕ್ಕೆ ಮದುವೆ ಮನೆಯ ಕಳೆ. ನಾನು ಕೊನೆಯ ಗೂಡಿನ ಮುಂದೆ ತೊಳೆದ ನೆಲವನ್ನೇ ಮತ್ತೆ ತೊಳೆದೆ. ಡಾಕ್ಟರಮ್ಮ ಹೊಸ ಕೊರಳಪಟ್ಟಿ ತಂದಿದ್ದರು.

"ಇವನ ಗಂಟು ಸ್ವಲ್ಪ ಬಿಡಿಸ್ತೀರಾ? ನೀವಾದ್ರೆ ಸುಮ್ಮನಿರ್ತಾನೆ. ಸ್ವಲ್ಪ ಸಾಕು."

"ನೀವೇನೂ ಯೋಚ್ನೆ ಮಾಡ್ಬೇಡಿ ಡಾಕ್ಟ್ರೇ" ಎಂದಳು ಚಿಕ್ಕಮ್ಮ.

ಪಾರ್ಲರಿಗೆ ಹೋಗಿ ಬಂದವರಿಗೆ ಗೊತ್ತು, ಈ ಮಾತು ಕಿವಿಗೆ ಬಿದ್ದ ಮೇಲೆಯೇ ಯೋಚನೆ ಶುರುವಾಗಬೇಕು. ಕಿವಿಯ ಹಿಂದಿನ ಒಂದು ಗಂಟು ಬಾಚಣಿಗೆಗೆ ಬಗ್ಗಲಿಲ್ಲ; ಕತ್ತರಿ ಬಂತು. ಎಡಗಡೆ ತುಸು ಜಾಸ್ತಿಯಾಯಿತು, ಬಲಗಡೆ ಸಮ ಮಾಡಬೇಕಾಯಿತು. ಬಲಗಡೆ ಇನ್ನೂ ಜಾಸ್ತಿಯಾಗಿ ಎಡಕ್ಕೆ ಮತ್ತೆ ಬಂದಳು. ತಟ್ಟೆ ಉಜ್ಜಿ ನಾನು ಹಿತ್ತಲಿಗೆ ಹೋದಾಗ ನಲ್ಲಿಯ ಬಳಿ ಒಂದು ದೊಡ್ಡ ಕೂದಲ ರಾಶಿಯಿತ್ತು. ಪಕ್ಕದಲ್ಲಿ ಸಣಕಲು ಕಾಲಿನ, ಉದ್ದ ಮೂತಿಯ, ಕಂದು ಕಣ್ಣಿನ ಒಂದು ಅಪರಿಚಿತ ನಾಯಿ ನಿಂತಿತ್ತು.

"ಚಿಕ್ಕಮ್ಮಾ, ಕಂಬಳಿ ಎಲ್ಲಿ?"

"ಇವನೇ ಕಣೋ! ಹತ್ತು ವರ್ಷ ಕಡಿಮೆ ಕಾಣ್ತಾನಲ್ಲ?"

ಗೇಟಿನಲ್ಲಿ ವ್ಯಾನು ಬಂದು ನಿಂತ ಸದ್ದಾಯಿತು. ಅತ್ತ ಓಡಿದೆ. ವ್ಯಾನು ಓಡಿಸಿಕೊಂಡು ಬಂದಿದ್ದ ಹುಡುಗಿಯ ಹಿಂದೆ ಇಳಿದವರು ನುಣ್ಣನೆ ಮುಖದ, ಗದ್ದದ ಮೇಲೆ ಎರಡು ಕಡೆ ಗಾಯವಾಗಿದ್ದ ಯಾರೋ ಒಬ್ಬರು.

"ನಾಯಿ ತಗೊಂಡು ಹೋಗೋಕೆ ಬಂದ್ವಿ" ಎಂದರು.

"ಯಾವ ನಾಯಿ?" ಎಂದರು ಡಾಕ್ಟರಮ್ಮ.

"ಕಂಬಳಿ, ಮೇಡಂ. ನನ್ನ ಕಂಬಳಿ."

"ಅದು ಒಬ್ರು ಬಡಗಿಗೆ ಅಂತ ಆಗಿದೆಯಲ್ಲಾ."

"ನಾನೇ ಮೇಡಂ ಆ ಬಡಗಿ!"

ಡಾಕ್ಟರಮ್ಮ ಫೋನಿನ ಫೋಟೋ ನೋಡಿದರು, ಮುಖ ನೋಡಿದರು. ಬಂದವರು ಕೊಟ್ಟ ಗುರುತಿನ ಚೀಟಿಯಲ್ಲೂ ಪೊದೆಯೇ ಇತ್ತು. ಯಾರದೋ ಹೆಸರು ಹೇಳಿ ನಾಯಿ ಒಯ್ದು ಮಾರುವವರನ್ನು ಕಂಡು ಬೆಂದವರು ಡಾಕ್ಟರಮ್ಮ. ಗೇಟಿನ ಚಿಲಕದಿಂದ ಕೈ ತೆಗೆಯಲಿಲ್ಲ.

"ನಾನೇ ಹೇಳಿದ್ದು ಮೇಡಂ" ಎಂದಳು ವ್ಯಾನು ಓಡಿಸಿಕೊಂಡು ಬಂದಿದ್ದ ಹುಡುಗಿ, ಅವರ ಮಗಳು, ಅಳುವಂತಾಗಿ. "ಇವತ್ತು ನಿನ್ನನ್ನ ನೋಡಿ ನಾಯಿ ಕೊಡೋದು, ಮೊದಲು ಗಡ್ಡ ತೆಗೆದು ಮನುಷ್ಯನ ಹಾಗೆ ಕಾಣು ಅಪ್ಪಾ ಅಂದೆ."

ಆಗಲೇ ಚಿಕ್ಕಮ್ಮ ತನ್ನ ಕಲಾಕೃತಿಯ ಹಗ್ಗ ಹಿಡಿದು ಗೆದ್ದು ಬಂದವಳಂತೆ ಬಂದಳು. "ತಗೊಳ್ಳಿ, ನಿಮ್ಮ ಮದುಮಗ!"

ಬಡಗಿ ಆ ನಾಯಿಯನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. "ಇದಲ್ಲ."

"ಅದೇ ಇದು!"

"ನಾನು ನೋಡಿಲ್ವಾ? ಇದಲ್ಲ." ಗೇಟಿನ ಸರಳು ಹಿಡಿದು ಒಳಗೆಲ್ಲ ಇಣುಕಿದರು. "ನನ್ನ ಕಂಬಳೀನ ಯಾರಿಗೋ ಕೊಟ್ಬಿಟ್ಟು ಯಾವುದೋ ನಾಯಿ ತಂದು ನಿಲ್ಲಿಸ್ತಿದ್ದೀರಾ? ಆಗಲೇ ಸಾಗಿಸಿಬಿಟ್ರಾ ಅವನ್ನ?"

"ನೀವು ಯಾರು ಅಂತಲೇ ಇನ್ನೂ ಗೊತ್ತಾಗಿಲ್ಲ" ಎಂದರು ಡಾಕ್ಟರಮ್ಮ.

ನಾಯಿಯ ಮೇಲೆ ಬಡಗಿಗೆ ನಂಬಿಕೆಯಿಲ್ಲ, ಬಡಗಿಯ ಮೇಲೆ ಡಾಕ್ಟರಮ್ಮನಿಗೆ ನಂಬಿಕೆಯಿಲ್ಲ. ಚಿಕ್ಕಮ್ಮ ಹಿತ್ತಲಿನ ಕಡೆ ತಿರುಗಿ ನೋಡಿದಳು. "ಆ ಕೂದಲನ್ನೇ ತಂದು ಅಂಟಿಸಿಬಿಡ್ಲಾ ಮತ್ತೆ?" ಎಂದು ನನ್ನನ್ನು ಕೇಳಿದಳು. ತಮಾಷೆಗಲ್ಲ.

ಕೂದಲಿನ ವಿಷಯದಲ್ಲಿ ಇಷ್ಟೆಲ್ಲ ತಲೆ ಕೆಡಿಸಿಕೊಂಡವರು ನಾವು ಮನುಷ್ಯರು ಮಾತ್ರ. ಬಡಗಿಯ ಧ್ವನಿ ಕೇಳಿದ ಕೂಡಲೇ ನಾಯಿಯ ಕಿವಿಗಳು ನಿಮಿರಿದ್ದವು. ಅವನಿಗೆ ಕಿವಿಗಳಿವೆಯೆಂದು ನಮಗೆ ತಿಳಿದದ್ದೇ ಆವತ್ತು. ಹಗ್ಗ ಕಿತ್ತುಕೊಂಡು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಗೇಟಿನ ಸರಳುಗಳ ನಡುವೆ ನುಸುಳಿದ. ಗಂಟುಗಂಟಾಗಿದ್ದ ಮೊದಲಿನ ಮೈಯಲ್ಲಿ ಅದು ಆಗುತ್ತಲೇ ಇರಲಿಲ್ಲ. ಬಡಗಿಯ ಅಂಗಿಯ ತೋಳಿನ ಮಡಿಕೆಗೆ ಮೂಗು ತೂರಿಸಿ, ಅಲ್ಲಿದ್ದ ಮರದ ಪುಡಿಯನ್ನೆಲ್ಲ ಎಳೆದುಕೊಂಡು ಜೋರಾಗಿ ಸೀನಿದ. ಆಮೇಲೆ ಬಾಲ ಆಡಿಸಿದ. ಬಾಲವೊಂದೇ ಅಲ್ಲ, ಸೊಂಟದಿಂದ ಹಿಂದಕ್ಕೆ ಇದ್ದದ್ದೆಲ್ಲ ಆಡಿತು.

ಬಡಗಿ ರಸ್ತೆಯ ಮೇಲೆಯೇ ಕುಸಿದು ಕೂತರು. ಆ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು.

"ಅಯ್ಯೋ, ಇವನಿಗೆ ಕಣ್ಣಿದ್ವಾ?"

"ನಿಮಗೆ ಗದ್ದ ಇತ್ತಾ?" ಎಂದರು ಡಾಕ್ಟರಮ್ಮ, ಚಿಲಕ ತೆಗೆಯುತ್ತಾ.

ಮಗಳು ಚಪ್ಪಾಳೆ ತಟ್ಟಿದಳು, ನಾನು ಪೊರಕೆ ಎತ್ತಿ ಕುಣಿದೆ, ಒಳಗಿನ ನಾಯಿಗಳೆಲ್ಲ ಕಾರಣ ಕೇಳದೆ ಬೊಗಳಿ ಬೆಂಬಲ ಸೂಚಿಸಿದವು. ಚಿಕ್ಕಮ್ಮ ಮಾತ್ರ ಬಗ್ಗಿ ಬಡಗಿಯ ಗದ್ದವನ್ನು ಬೆಳಕಿಗೆ ತಿರುಗಿಸಿದಳು.

"ಯಾರ್ರೀ ಮಾಡಿದ್ದು ಇದನ್ನ? ಕೈ ಕುದುರಿಲ್ಲ ಅವ್ರಿಗೆ."

"ನಾನೇ ಕೆತ್ಕೊಂಡೆ" ಎಂದರು ಬಡಗಿ.

"ಗೊತ್ತಾಗುತ್ತೆ. ಮುಂದಿನ ಸಲ ಇವನನ್ನ ಕರ್ಕೊಂಡು ಬನ್ನಿ, ಇಬ್ಬರಿಗೂ ಮಾಡ್ಕೊಡ್ತೀನಿ."

ಅವರು ಹಾಗೆ ಬರುತ್ತೇವೆಂದು ಒಪ್ಪಿಕೊಳ್ಳಲಿಲ್ಲ. ಕಂಬಳಿ ವ್ಯಾನು ಹತ್ತಿ ಬಡಗಿಯ ಮನೆಗೆ ಹೋದ.