ಲೈನಿಗೆ ಬಿಟ್ಟ ಕರೆಂಟು

ಮಾಳಿಗೆಯ ಮೇಲೆ ಸೋಲಾರ್ ಕೂಡ್ರಿಸಿದಂದಿನಿಂದ ಗುರುಲಿಂಗವ್ವನಿಗೆ ಸಾಕುಸಾಕಾಗಿ ಹೋಗಿತ್ತು. ಬಾಗಲಕೋಟೆಯ ನವನಗರದಲ್ಲಿ ಸೋಲಾರ್ ಹಾಕಿಸಿದವರು ಬೇಕಾದಷ್ಟು ಮಂದಿ ಇದ್ದಾರೆ. ಎಲ್ಲರೂ ಫ್ಯಾನಿನ ಕೆಳಗೆ ಕಾಲು ಚಾಚಿ ಹಾಯಾಗಿ ಕೂಡ್ರುತ್ತಾರೆ. ಹಾಕಿಸಿದ ಮೇಲೆ ಇದ್ದ ಫ್ಯಾನನ್ನೂ ಆರಿಸಿ ಕೂತ ಮನೆ ಇದೊಂದೇ.

ಇದಕ್ಕೆಲ್ಲ ಕಾರಣ ಬಾದಾಮಿಯ ತಿಮ್ಮಣ್ಣ. ಅವನೂ ಗುರುಲಿಂಗವ್ವನ ಗಂಡ ರಾಚಯ್ಯನೂ ವರ್ಷಗಟ್ಟಲೆ ಬಾದಾಮಿ–ಬಾಗಲಕೋಟೆ ಬಸ್ಸು ಓಡಿಸಿದವರು. ಸ್ಟ್ಯಾಂಡಿಗೆ ಯಾರು ಮೊದಲು ಬಂದರು ಎಂಬ ಜಗಳದಲ್ಲೇ ಅವರ ಗೆಳೆತನ ಬೆಳೆದದ್ದು. ನಿವೃತ್ತರಾದ ಮೇಲೆ ಇಬ್ಬರೂ ಸೋಲಾರ್ ಹಾಕಿಸಿದರು. ಈಗಿನ ಪೈಪೋಟಿ, ಮನೆಯಲ್ಲಿ ಬಳಸಿ ಉಳಿದ ಕರೆಂಟನ್ನು ಯಾರು ಹೆಚ್ಚು ಬೀದಿಯ ಲೈನಿಗೆ ಬಿಡುತ್ತಾರೆ ಎಂಬುದು. ದಿನಾ ಸಂಜೆ ಫೋನು. ಸೋತ ದಿನ ರಾಚಯ್ಯನಿಗೆ ಊಟ ಸೇರುವುದಿಲ್ಲ. ಹಾಗಾಗಿ ಹಗಲು ಹೊತ್ತು ಮಿಕ್ಸರ್ ತಿರುಗುವ ಹಾಗಿಲ್ಲ, ಇಸ್ತ್ರಿ ಕಾಯುವ ಹಾಗಿಲ್ಲ. ಗುರುಲಿಂಗವ್ವ ಶೇಂಗಾ ಚಟ್ನಿಯನ್ನು ಒರಳಲ್ಲಿ ಕುಟ್ಟತೊಡಗಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಗಂಡಸರ ಹುಚ್ಚು ಎಂದು ಸುಮ್ಮನಿರುತ್ತಿದ್ದಳು.

ಆದರೆ ಈ ಬೇಸಿಗೆಯಲ್ಲಿ ಮಗಳು ದಾನೇಶ್ವರಿ ಚೊಚ್ಚಲು ಹೆತ್ತು, ಕೂಸಿನ ಜೊತೆ ಒಳಕೋಣೆಯಲ್ಲಿದ್ದಳು. ಕೂಸಿನ ಕುತ್ತಿಗೆ ತುಂಬ ಬೆವರುಗುಳ್ಳೆ. ಗುರುಲಿಂಗವ್ವ ಕೂಲರ್ ಹಚ್ಚುವುದು, ರಾಚಯ್ಯ ಬಂದು ಆರಿಸುವುದು, ಇದೇ ನಡೆದಿತ್ತು.

"ಬಾಣಂತಿಗೆ ಗಾಳಿ ಆಗಬಾರದು. ಹಿರ್ಯಾರು ಹೇಳ್ಯಾರ," ಎಂದ ರಾಚಯ್ಯ.

"ನಾ ಹಡದಾಗ ಈ ಶಾಸ್ತ್ರ ಎಲ್ಲಿ ಹೋಗಿತ್ರಿ? ಹೆಸರಿಡೂ ದಿನಾನೂ ಡ್ಯೂಟಿಗೆ ಹೋಗಿದ್ರಿ."

"ಇವತ್ತೊಂದಿನ ತಡಿ. ತಿಮ್ಮಣ್ಣನ ಮನಿಗೆ ಬೀಗರು ಬಂದಾರ, ಎಲ್ಲಾ ಫ್ಯಾನ್ ಹಚ್ಚಿರ್ತಾರ. ಇವತ್ತ ಗೆಲ್ಲತೇನಿ."

ಗುರುಲಿಂಗವ್ವನ ಮೈ ಉರಿಯಿತು. ಅಷ್ಟರಲ್ಲಿ ಒಳಗಿನಿಂದ ದಾನೇಶ್ವರಿಯ ದನಿ ಬಂತು. "ಅವ್ವಾ, ನಾ ಹುನಗುಂದಕ್ಕ, ಅತ್ತಿ ಮನಿಗೆ ಫೋನ್ ಮಾಡ್ತೇನಿ. ಅವರು ಬಂದು ಕರ್ಕೊಂಡು ಹೋಗ್ಲಿ. ಅಲ್ಲಿ ಫ್ಯಾನರ ತಿರಗತೈತಿ."

ಐದು ತಿಂಗಳು ತವರಲ್ಲಿರಬೇಕಾದವಳು ಎರಡನೆಯ ತಿಂಗಳಿಗೇ ಹೊರಟರೆ ಬೀಗರ ಮುಂದೆ ಮುಖ ಎತ್ತುವುದು ಹೇಗೆ? ಮುಖ ಹಾಳಾಗಲಿ, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಳ್ಳುವ ಆಸೆಯೇ ಗುರುಲಿಂಗವ್ವನಿಗೆ ಇನ್ನೂ ತೀರಿರಲಿಲ್ಲ.

ರಾಚಯ್ಯ ಪ್ಯಾನೆಲ್ಲಿನ ಧೂಳು ಒರೆಸಲು ಮಾಳಿಗೆ ಹತ್ತಿದ್ದೇ ತಡ, ಗುರುಲಿಂಗವ್ವ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಮಗಳನ್ನು ಎಬ್ಬಿಸಿ, ಪಕ್ಕದ ಮಲೀಕಸಾಬನ ಮನೆಗೆ ನಡೆದೇಬಿಟ್ಟಳು. ಅಲ್ಲಿ ಕೂಲರ್ ಭರ್ರೆಂದು ತಿರುಗುತ್ತಿತ್ತು. ಕೂಸು ಒಮ್ಮೆ ಆಕಳಿಸಿ ನಿದ್ದೆ ಹೋಯಿತು.

"ಸಂಕೋಚ ಮಾಡಬ್ಯಾಡ್ರಿ," ಎಂದಳು ಮಲೀಕಸಾಬನ ಹೆಂಡತಿ. "ನೀವು ಬಿಟ್ಟ ಕರೆಂಟ್ ಮೊದಲ ನಮ್ಮ ಮನಿಗೇ ಬರತೈತಂತ, ಲೈನ್‌ಮನ್ ಹೇಳಿದ. ಇದು ನಿಮ್ಮದೇ ಗಾಳಿ."

ಆಕೆ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅದನ್ನು ಕೇಳಿ ಗುರುಲಿಂಗವ್ವನಿಗೆ ಅಳು ಬಂತು.

ಸಂಜೆ ರಾಚಯ್ಯ ಹುಡುಕಿಕೊಂಡು ಬಂದ. ಮುಖ ಅರಳಿತ್ತು. "ನೋಡಿಲ್ಲಿ, ಇಷ್ಟು ಯಾವತ್ತೂ ಬಿಟ್ಟಿದ್ದಿಲ್ಲ," ಎಂದು ಫೋನು ಮುಂದೆ ಹಿಡಿದವನು, ತಣ್ಣನೆಯ ಗಾಳಿ ಮುಖಕ್ಕೆ ಬಡಿದದ್ದೇ ಬಾಗಿಲಲ್ಲಿ ನಿಂತ. ಮಲಗಿದ ಮೊಮ್ಮಗನನ್ನು ನೋಡಿದ. ಕುತ್ತಿಗೆಯ ಗುಳ್ಳೆಗಳನ್ನು ಇವತ್ತೇ ಮೊದಲು ಕಂಡವನಂತೆ ನೋಡಿದ.

"ದಾನವ್ವಾ, ನಡಿ ಮನಿಗೆ. ಕೂಲರ್ ಹಚ್ಚತೇನಿ."

ಮಗಳು ತಲೆ ಎತ್ತಲಿಲ್ಲ. "ಕೂಸು ಮಲಗೈತಿ ಅಪ್ಪಾ. ಫೋನ್ ಮಾಡೇನಿ. ನಾಳೆ ಮುಂಜಾನೆ ಅವರು ಬರ್ತಾರ."

ಅಷ್ಟರಲ್ಲಿ ಅವನ ಕೈಯಲ್ಲಿದ್ದ ಫೋನು ರಿಂಗಾಯಿತು. ತಿಮ್ಮಣ್ಣ. ರಾಚಯ್ಯ ಎತ್ತಲಿಲ್ಲ. ಗುರುಲಿಂಗವ್ವ ಅದನ್ನು ಕಸಿದುಕೊಂಡು ಕಿವಿಗಿಟ್ಟಳು.

"ಗೆದ್ದಾರ್ರಿ ನಿಮ್ಮ ಗೆಳೆಯಾ. ಮನ್ಯಾಗ ಯಾರೂ ಇದ್ದಿಲ್ಲ, ಅದಕ್ಕ ಗೆದ್ದಾರ. ನಾಳಿಂದ ದಿನಾ ಗೆಲ್ತಾರ."