ನಾಲ್ಕನೆಯ ಬಾವಿ

ಹವಾಲ್ದಾರ ಕರಬಸಪ್ಪ ಬೂಟು ಕಳಚಿ ಕಟ್ಟೆಯ ಮೇಲಿಟ್ಟು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಬಂಕಾಪುರ ಕೋಟೆಯ ಹಿಂದಿನ ಹಾಳು ಬಾವಿಯೊಳಗೆ ಒಂದು ಕಾಲು ಇಳಿಬಿಟ್ಟಿದ್ದ. ಐದು ದಿನಗಳಲ್ಲಿ ಇದು ನಾಲ್ಕನೆಯ ಬಾವಿ. ಹಗ್ಗದ ಇನ್ನೊಂದು ತುದಿಯನ್ನು ಇಬ್ಬರು ಪೊಲೀಸರು ಹಿಡಿದಿದ್ದರು. ಫೌಜದಾರರು ಬೇವಿನ ನೆರಳಿಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಈ ಬಾವಿಯ ಹೆಸರು ಹೇಳಿದ ಬಂದೇಸಾಬ ಮಾತ್ರ ಚಕ್ಕಡಿಯಲ್ಲಿ ಮಲಗಿದ್ದ. ಅಂಗಾಲು ಊದಿಕೊಂಡು ಅವನಿಗೆ ನಿಲ್ಲುವುದೂ ಆಗುತ್ತಿರಲಿಲ್ಲ.

ಅದು ನಲವತ್ತೆರಡರ ಗದ್ದಲದ ಕಾಲ. ಶಿಗ್ಗಾಂವಿ ದಾರಿಯ ಸೇತುವೆಯ ಬಳಿ ಚಳವಳಿಯವರು ಟಪಾಲು ಚೀಲ ಕಸಿದುಕೊಂಡು ಮಾಯವಾಗಿದ್ದರು. ಅಲ್ಲಿ ಸಿಕ್ಕಿದ್ದು ಒಂದು ಹಳೆಯ ಹಗ್ಗ. ಅದು ಬಾವಿ ತೋಡುವ, ಹೂಳೆತ್ತುವ ಬಂದೇಸಾಬನದು ಎಂದು ಊರೇ ಗುರುತಿಸಿತು. ಅಷ್ಟು ಸಾಕಾಯಿತು. "ಚೀಲ ಎಲ್ಲೈತಿ?" ಎಂಬ ಪ್ರಶ್ನೆ ಫೌಜದಾರರದು, ಬೆತ್ತ ಕರಬಸಪ್ಪನದು. ಹದಿನೆಂಟು ವರ್ಷದ ನೌಕರಿಯಲ್ಲಿ ಆ ಬೆತ್ತಕ್ಕೆ ಬಾಯಿ ಬಿಡದವರನ್ನು ಅವನು ಕಂಡಿರಲಿಲ್ಲ. ಬಾಯಿ ಬಿಟ್ಟವರು ಹೇಳಿದ್ದೆಲ್ಲ ಖರೆಯೋ ಎಂದು ಮಾತ್ರ ಅವನು ಯಾವತ್ತೂ ಕೂತು ಯೋಚಿಸಿರಲಿಲ್ಲ. ಅದು ಕೋರ್ಟಿನವರ ಕೆಲಸ.

ಬಂದೇಸಾಬನೂ ಬಾಯಿ ಬಿಟ್ಟ. "ಎಲಿತೋಟದ ಬಾವ್ಯಾಗೈತ್ರಿ" ಎಂದ. ನೀರೆತ್ತಿ ಹೂಳು ತೆಗೆದರೆ ಎರಡು ತಂಬಿಗೆ ಸಿಕ್ಕವು. ಸುಳ್ಳು ಹೇಳಿದ್ದಕ್ಕೆ ಇನ್ನಷ್ಟು ಹೊಡೆತ ಬಿತ್ತು. ಆಗ ಕುಂಬಾರ ಓಣಿಯ ಬಾವಿ ಎಂದ. ಅಲ್ಲಿ ಹೂಳು ಹೋಗಿ ಸೆಲೆ ಒಡೆಯಿತು, ಓಣಿಯ ಹೆಂಗಸರು ಪೊಲೀಸರನ್ನು ಬಾಯ್ತುಂಬ ಹರಸಿದರು. ಫೌಜದಾರರಿಗೆ ಮೈಯೆಲ್ಲ ಉರಿದುಹೋಯಿತು. ಮೂರನೆಯ ಬಾವಿ ಸವಣೂರು ನವಾಬರ ಸೀಮೆಯಲ್ಲಿತ್ತು. ಅಪ್ಪಣೆ ಬರಲು ಒಂದು ದಿನ ಹಿಡಿಯಿತು. ಆ ಒಂದು ದಿನ ಬಂದೇಸಾಬನ ಮೇಲೆ ಬೆತ್ತ ಬೀಳಲಿಲ್ಲ. ಅಲ್ಲಿಯೂ ಸಿಕ್ಕಿದ್ದು ಕೆಸರೇ.

ನಾಲ್ಕನೆಯ ಸಲ ಅವನು ಕೋಟೆಯ ಬಾವಿಯ ಹೆಸರು ಹೇಳಿದ. ಎಷ್ಟೋ ಕಾಲದಿಂದ ಯಾರೂ ಇಳಿಯದ ಬಾವಿ. ಬಚ್ಚಿಡುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿದೆ ಎಂದು ಫೌಜದಾರರಿಗೂ ಅನ್ನಿಸಿತು.

"ಇದೂ ಸುಳ್ಳಾದ್ರ ಮಗನ, ಕಾಲಂತೂ ಹೋದುವು, ಇನ್ನ ನಿನ್ನ ಕೈನೂ ಉಳ್ಯಂಗಿಲ್ಲ" ಎಂದು ಹೇಳಿಯೇ ಹೊರಡಿಸಿದ್ದರು.

ಕರಬಸಪ್ಪ ಎರಡನೆಯ ಕಾಲನ್ನೂ ಒಳಗೆ ಬಿಟ್ಟ.

"ಇಳೀಬ್ಯಾಡ್ರಿ!"

ಬಂದೇಸಾಬ ಚಕ್ಕಡಿಯಲ್ಲಿ ಮೊಣಕೈ ಊರಿ ಎದ್ದಿದ್ದ. "ಹವಾಲ್ದಾರ್ರ, ಇಳೀಬ್ಯಾಡ್ರಿ! ಆ ಬಾವ್ಯಾಗ ಕೆಟ್ಟ ಗಾಳಿ ಐತಿ. ಇಳದವ ಮ್ಯಾಲ ಬರಂಗಿಲ್ಲ."

ಫೌಜದಾರರು ಕುರ್ಚಿಯಿಂದ ಎದ್ದರು. "ಹಂಗಾದ್ರ ನೀ ಹೆಂಗ ಇಳದು ಚೀಲ ಇಟ್ಟಿ?"

ಬಂದೇಸಾಬ ಕುರ್ಚಿಗೆ ಒರಗಿಸಿಟ್ಟಿದ್ದ ಬೆತ್ತವನ್ನು ಒಮ್ಮೆ ನೋಡಿದ. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡ.

"ಇಟ್ಟಿಲ್ರಿ. ಎಲ್ಲೂ ಇಟ್ಟಿಲ್ಲ. ಹೊಡಿಯೂದು ನಿಂತ್ರ ಸಾಕಂತ ಬಾಯಿಗೆ ಬಂದದ್ದು ಹೇಳಿದೆ. ನನ್ನ ಬಾಯಿಗೆ ಬರೂವು ಬಾವೀನ ಅಲ್ರಿ? ಮೊದಲ ದೀಪ ಇಳಿಸಿ ನೋಡ್ರಿ. ಆಮ್ಯಾಲ ಬೇಕಾದ್ರ ಹೊಡೀರಿ."

ದೀಪ ಇಳಿಸದೆ ಹಳೆಯ ಬಾವಿಗೆ ಮನುಷ್ಯ ಇಳಿಯುವುದಿಲ್ಲ. ಉರಿ ಆರುವ ಗಾಳಿಯಲ್ಲಿ ಉಸಿರೂ ನಿಲ್ಲುತ್ತದೆ ಎಂದು, ಬಾವಿ ಕೆಲಸದವರಲ್ಲಿ ಅದು ಹಿಂದಿನಿಂದ ಬಂದ ಪದ್ಧತಿ. ಕರಬಸಪ್ಪ ಮೇಲೆ ಬಂದು, ಚಕ್ಕಡಿಯಡಿ ತೂಗುತ್ತಿದ್ದ ಕಂದೀಲು ಹಚ್ಚಿ, ಹಗ್ಗಕ್ಕೆ ಕಟ್ಟಿ ಇಳಿಸಿದ. ಎರಡಾಳು ಆಳದಲ್ಲಿ ಉರಿ ಸಣ್ಣಗಾಯಿತು, ನೀಲಿಯಾಯಿತು, ಆರಿತು. "ಜಗ್ಗಿದ್ದಕ್ಕ ಆರೈತಿ" ಎಂದರು ಫೌಜದಾರರು. ಮತ್ತೆ ಹಚ್ಚಿ ಮೆಲ್ಲಗೆ ಇಳಿಸಿದ. ಅದೇ ಆಳ, ಅದೇ ಕಲ್ಲಿನ ಸಾಲು. ಮತ್ತೆ ಆರಿತು.

ಕರಬಸಪ್ಪ ಆರಿದ ಕಂದೀಲನ್ನು ಮೇಲೆಳೆದು ಚಕ್ಕಡಿಯ ಕಡೆ ತಿರುಗಿದ. ಅವನನ್ನು ತಟ್ಟಿದ್ದು ಸಾವು ಅಷ್ಟು ಹತ್ತಿರವಿತ್ತು ಎಂಬುದಲ್ಲ. ಆ ಮನುಷ್ಯ ಬಾಯಿ ಮುಚ್ಚಿಕೊಂಡು ಸುಮ್ಮನೆ ಮಲಗಿದ್ದರೆ ಸಾಕಿತ್ತಲ್ಲ! ತಾನು ಇಷ್ಟು ದಿನ ಬಡಿದ ಕಾಲುಗಳು ಚಕ್ಕಡಿಯಿಂದಾಚೆ ಚಾಚಿಕೊಂಡಿದ್ದವು. ಅವುಗಳ ಮುಂದೆ ಅವನಿಗೆ ಏಕೋ ತಲೆ ಎತ್ತಲಾಗಲಿಲ್ಲ.

"ಸುಳ್ಳು ಹೇಳೇನಂತ ಅವನ ಒಪ್ಪಿದ್ನಲ್ಲ. ತಗೋ" ಎಂದು ಫೌಜದಾರರು ಬೆತ್ತ ಚಾಚಿದರು.

ಕರಬಸಪ್ಪ ತೆಗೆದುಕೊಳ್ಳಲಿಲ್ಲ. ಚಕ್ಕಡಿಯ ಹತ್ತಿರ ಹೋಗಿ ತನ್ನ ನೀರಿನ ತಂಬಿಗೆ ಕೊಟ್ಟು, ಕುಡಿಯುವವರೆಗೂ ಕಾದ.

"ಬಂದೇಸಾಬ್ರ, ಆ ಹಗ್ಗ ಸೇತುವೀ ಹತ್ರ ಹೆಂಗ ಬಂತು, ಹೇಳ್ರಿ."

"ಒಂದೆಳಿ ಹರದಿತ್ರಿ. ಹರದ ಹಗ್ಗ ಮತ್ತ ಬಾವಿಗೆ ಬಿಡಂಗಿಲ್ಲ. ಮನ್ಯಾಗಿದ್ರ ಯಾರರ ಮರತು ಕಟಗೊಂಡು ಇಳದಾರಂತ ಊರ ಹೊರಗ, ಸೇತುವೀ ಕಡೆ ಒಗದು ಬರ್ತೇವಿ."

"ಮೊದ್ಲ ಯಾಕ ಹೇಳಲಿಲ್ಲ?"

"ಹಗ್ಗದ ಸುದ್ದಿ ಯಾರ ಕೇಳಿದ್ರಿ? ಚೀಲ, ಚೀಲ ಅಂದ್ರಿ."

ಫೌಜದಾರರು ಬಾವಿಯ ಕಟ್ಟೆಗೆ ಹೋಗಿ ಒಳಗೆ ಬಗ್ಗಿ ನೋಡಿದರು. ಅವರು ತಿರುಗುವಷ್ಟರಲ್ಲಿ ಕರಬಸಪ್ಪ ಚಕ್ಕಡಿಯವನಿಗೆ, "ಇವರ ಮನೀ ಕಡೆ ಹೊಡಿಯಪಾ, ಸಾವಕಾಶ" ಎಂದಿದ್ದ. ಫೌಜದಾರರು ಬೆತ್ತವನ್ನು ಮತ್ತೆ ಕುರ್ಚಿಗೆ ಒರಗಿಸಿ, ಹೋಗಲಿ ಎಂದು ಕೈಯಾಡಿಸಿದರು.

ಎತ್ತುಗಳು ಹೊರಟವು. ಹಾದಿ ಬರೀ ಗರಸು, ಚೂಪು ಹರಳುಕಲ್ಲು. ಚಕ್ಕಡಿಯ ಹಿಂದೆ ಹೆಜ್ಜೆ ನೋಡಿ ನೋಡಿ ಇಡುತ್ತ ಕರಬಸಪ್ಪ ನಡೆದ. ಅವನ ಬೂಟುಗಳು ಬಾವಿಯ ಕಟ್ಟೆಯ ಮೇಲೆಯೇ ಉಳಿದಿದ್ದವು.