ಗೋಡೆಯ ಮೇಲಿನ ಪಾಸ್‌ವರ್ಡ್

ಮಳೆ ಕೈಕೊಟ್ಟ ವರ್ಷ ಔರಾದ ತಾಲೂಕಿನ ಚಿಂತಾಕಿಯಲ್ಲಿ ಮಧ್ಯಾಹ್ನಗಳು ಬೇಗ ಮುಗಿಯುವುದಿಲ್ಲ. ಅರ್ಧ ಊರು ಹೈದರಾಬಾದಿಗೋ ಪುಣೆಗೋ ಕೆಲಸಕ್ಕೆ ಹೋಗಿರುತ್ತದೆ. ಉಳಿದವರು ಬೇವಿನ ನೆರಳಿನಲ್ಲಿ ಕೂತು, ದೂರದ ಹೊಲಗಳು ಬಿಸಿಲಿಗೆ ನೀರಿನ ಹಾಗೆ ಅಲುಗುವುದನ್ನು ನೋಡುತ್ತಾರೆ. ಅಲ್ಲಿ ನೀರಿಲ್ಲವೆಂದು ಎಲ್ಲರಿಗೂ ಗೊತ್ತು. ಆದರೂ ನೋಡುತ್ತಾರೆ.

ಕೆಲಸಕ್ಕೆ ಹೋಗುವವರು ಮನೆಗೆ ಬೀಗ ಹಾಕಿ, ಕೀಲಿಯನ್ನು ಸುಭದ್ರಾಬಾಯಿಯವರ ಪಡಸಾಲೆಯ ಗೂಟಕ್ಕೆ ತೂಗುಹಾಕಿ ಹೋಗುವುದು ಇಲ್ಲಿನ ಪದ್ಧತಿ. ಊರಿನಲ್ಲಿ ನೆಂಟರ ಮನೆಯಲ್ಲಿ ಉಳಿದ ಅಜ್ಜಿಗೆ ಕಂಬಳಿ ಬೇಕಾದರೆ ಯಾರು ಬೇಕಾದರೂ ಹೋಗಿ ಬೀಗ ತೆಗೆದು ತರುತ್ತಾರೆ. ಇಷ್ಟು ವರ್ಷದಲ್ಲಿ ಯಾರ ಮನೆಯ ಒಂದು ಚಮಚವೂ ಕಳೆದಿಲ್ಲ. ಇದು ನಮ್ಮ ಊರುಗಳ ಒಳ್ಳೆಯತನ. ನಾನು ಇದನ್ನು ಆಡಿಕೊಳ್ಳುವವಳಲ್ಲ, ನನಗೆ ಇದರ ಮೇಲೆ ಪ್ರೀತಿಯೇ ಇದೆ. ಆದರೆ ಸುಭದ್ರಾಬಾಯಿ ಇದೇ ಪದ್ಧತಿಯನ್ನು ಕಂಪ್ಯೂಟರಿಗೂ ತಂದುಬಿಟ್ಟರು.

ಊರಿನ ಹೆಂಗಸರೇ ಸೇರಿ ಕಟ್ಟಿದ ಸುಗ್ಗಿ ಮಹಿಳಾ ಕಂಪನಿಗೆ ಅವರು ಅಧ್ಯಕ್ಷೆ. ತೊಗರಿ ಕೊಂಡು, ಬೇಳೆ ಮಾಡಿ, ಬೀದರಿನ ಅಂಗಡಿಗಳಿಗೆ ಕಳಿಸುವ ಸಣ್ಣ ಕಂಪನಿ. ಸದಸ್ಯೆಯರ ಫೋನ್ ನಂಬರು, ಆಧಾರ್, ಬ್ಯಾಂಕ್ ಖಾತೆ, ಯಾರು ಯಾವ ಊರಿಗೆ ಕೆಲಸಕ್ಕೆ ಹೋಗಿದ್ದಾರೆ, ಮಕ್ಕಳು ಯಾರ ಹತ್ತಿರ ಇದ್ದಾರೆ, ಎಲ್ಲವೂ ಕಂಪನಿಯ ಈಮೇಲ್ ಖಾತೆಯಲ್ಲಿತ್ತು. ಅದರ ವಿಳಾಸವನ್ನೂ ಪಾಸ್‌ವರ್ಡನ್ನೂ ಸುಭದ್ರಾಬಾಯಿ ಕಚೇರಿಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ದೊಡ್ಡದಾಗಿ ಬರೆಸಿದ್ದರು. ಯಾರೇ ಬರಲಿ, ಕೆಲಸ ನಿಲ್ಲಬಾರದಲ್ಲ! ದಸರೆಗೆ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಎಲ್ಲರೂ ಸೆರಗು ಸರಿಮಾಡಿಕೊಂಡು ಫೋಟೊ ತೆಗೆಸಿಕೊಂಡರು. ಅದನ್ನು ಕಂಪನಿಯ ಫೇಸ್‌ಬುಕ್ಕಿಗೂ ಹಾಕಿದರು. ಎಲ್ಲರ ಮುಖ ಚೆನ್ನಾಗಿ ಬಂದಿತ್ತು. ಹಿಂದಿನ ಗೋಡೆಯೂ ಚೆನ್ನಾಗಿ ಬಂದಿತ್ತು.

ಆಮೇಲೆ ಒಂದು ದಿನ ಬಿಸಿಲು ಏರುವ ಹೊತ್ತಿಗೆ ಪುಣೆಯಿಂದ ಸದಸ್ಯೆ ಭೀಮಬಾಯಿಯ ಫೋನು ಬಂತು. ಕಂಪನಿಯವನು ಎಂದು ಹೇಳಿಕೊಂಡ ಒಬ್ಬ ಬಹಳ ಮೃದುವಾಗಿ ಮಾತಾಡಿದನಂತೆ. ಅತ್ತೆಯ ಹೆಸರು, ಮಗ ಯಾರ ಮನೆಯಲ್ಲಿದ್ದಾನೆ ಎಂಬುದು, ಎಲ್ಲ ಹೇಳಿದನಂತೆ. ಬರ ಪರಿಹಾರ ಬಂದಿದೆ, ಫೋನಿಗೆ ಬಂದ ಒಟಿಪಿ ಹೇಳಿ ಎಂದನಂತೆ. ಇಷ್ಟೆಲ್ಲ ತಿಳಿದವನು ನಮ್ಮವನೇ ಇರಬೇಕೆಂದು ಅವಳು ಹೇಳಿಬಿಟ್ಟಳು. ಇಟ್ಟಿಗೆ ಹೊತ್ತು ಕೂಡಿಟ್ಟ ಕೂಲಿಯೆಲ್ಲ ಖಾತೆಯಿಂದ ಖಾಲಿಯಾಯಿತು.

ಬೀದರಿನ ಚಿದ್ರಿಯಲ್ಲಿರುವ ಮುನವ್ವರ ಬೇಗಂ ಇಂಥ ಕಂಪನಿಗಳ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ. ಸುಭದ್ರಾಬಾಯಿ ಅವಳಿಗೆ ಫೋನು ಮಾಡಿದರು. ಅವಳು ಮೊದಲು ಭೀಮಬಾಯಿಯಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿಸಿ ದೂರು ಕೊಡಿಸಿದಳು, ಬ್ಯಾಂಕಿಗೂ ತಿಳಿಸಿದಳು. ಆಮೇಲೆ ಔರಾದ ಬಸ್ಸು ಹಿಡಿದು ಚಿಂತಾಕಿಗೆ ಬಂದಳು. ಕಚೇರಿಯ ಒಳಗೆ ಕಾಲಿಟ್ಟವಳು ಗೋಡೆಯನ್ನೇ ನೋಡುತ್ತ ನಿಂತಳು. ತನ್ನ ಮೊಬೈಲಿನಲ್ಲಿ ದಸರೆಯ ಫೋಟೊ ತೆಗೆದು, ಬೆರಳಿನಿಂದ ದೊಡ್ಡದು ಮಾಡಿ ತೋರಿಸಿದಳು.

ಸುಭದ್ರಾಬಾಯಿಗೆ ಇನ್ನೂ ನಂಬಿಕೆ ಬರಲಿಲ್ಲ. "ನಮ್ದು ಸಣ್ಣ ಕಂಪನಿ ತಂಗಿ. ಬ್ಯಾಳಿ ಮಾರೋರ ಮನಿಗಿ ಕಳ್ಳ ಯಾಕ ಬರ್ತಾನ?"

"ಅವ ಬ್ಯಾಳಿಗಿ ಬಂದಿಲ್ರಿ ಅಕ್ಕಾ," ಎಂದಳು ಮುನವ್ವರ. "ನಿಮ್ಮ ಮ್ಯಾಲ ಭರೋಸಾ ಇಟ್ಟು ಮಂದಿ ಕೊಟ್ಟ ಹೆಸರು, ನಂಬರ ಒಯ್ಲಿಕ್ಕಿ ಬಂದಾನ."

ಅವಳು ಪಾಸ್‌ವರ್ಡ್ ಬದಲಿಸಿದಳು. ಬೇರೆ ಕಡೆಯಿಂದ ಯಾರೋ ಆ ಖಾತೆಯನ್ನು ತೆರೆದಿಟ್ಟುಕೊಂಡಿದ್ದರು, ಅವರನ್ನು ಹೊರಗೆ ಹಾಕಿದಳು. ಇನ್ನು ಮುಂದೆ ಪಾಸ್‌ವರ್ಡಿನ ಜೊತೆಗೆ ಅಧ್ಯಕ್ಷರ ಫೋನಿಗೆ ಬರುವ ಸಂಕೇತವೂ ಇಲ್ಲದೆ ಒಳಗೆ ಹೋಗಲು ಬರುವುದಿಲ್ಲ ಎಂದು ಮಾಡಿದಳು. ಕೆಲಸ ಮಾಡುವವರಿಗೆಲ್ಲ ಬೇರೆ ಬೇರೆ ಪಾಸ್‌ವರ್ಡ್ ಇರಲಿ, ಸದಸ್ಯೆಯರ ಬ್ಯಾಂಕ್ ವಿವರವನ್ನು ಕೆಲಸಕ್ಕೆ ಬೇಕಾದವರು ಮಾತ್ರ ನೋಡಲಿ ಎಂದಳು. ಅಷ್ಟಕ್ಕೆಲ್ಲ ಸುಭದ್ರಾಬಾಯಿ ತಲೆಯಾಡಿಸಿದರು. ಆದರೆ ಇವತ್ತೇ ಎಲ್ಲ ಸದಸ್ಯೆಯರಿಗೂ ವಿಷಯ ಹೇಳಬೇಕು ಎಂದಾಗ ಒಪ್ಪಲಿಲ್ಲ. ಹೇಳಿದರೆ ಕಂಪನಿಯ ಮಾನ ಹೋಗುತ್ತದೆ, ನಾಳೆ ಯಾರು ತೊಗರಿ ತರುತ್ತಾರೆ, ಸುಮ್ಮನಿದ್ದರೆ ತಾನಾಗಿ ತಣ್ಣಗಾಗುತ್ತದೆ ಎಂದು ಮನೆಗೆ ಹೋಗಿ ಮಲಗಿದರು.

ಪಡಸಾಲೆಯಲ್ಲಿ ಬಿಸಿಗಾಳಿ ಬೀಸುತ್ತಿತ್ತು. ಗೂಟದ ಕೀಲಿಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಸುಭದ್ರಾಬಾಯಿಗೆ ಕಣ್ಣು ಹತ್ತಿತು. ಕನಸಿನಲ್ಲಿ ಊರಿನ ಬಾಗಿಲುಗಳೆಲ್ಲ ತೆರೆದಿದ್ದವು. ಬೆಳ್ಳಗಿನ ಬಿಸಿಲಿನಲ್ಲಿ ಯಾರೋ ಓಣಿ ಓಣಿ ತಿರುಗಿ ಒಬ್ಬೊಬ್ಬರ ಹೆಸರು ಹಿಡಿದು ಅಕ್ಕರೆಯಿಂದ ಕರೆಯುತ್ತಿದ್ದರು. ಪುಣೆಯಲ್ಲಿದ್ದವರು, ಹೈದರಾಬಾದಿನಲ್ಲಿದ್ದವರು, ಎಲ್ಲರೂ ನಗುತ್ತ ಹೊರಗೆ ಬರುತ್ತಿದ್ದರು. ಕರೆಯುವವರ ಮುಖ ಕಾಣಲಿಲ್ಲ. ಆದರೆ ಆ ದನಿ ತಮ್ಮದೇ ಎಂದು ಸುಭದ್ರಾಬಾಯಿಗೆ ಗುರುತು ಸಿಕ್ಕಿತು.

ಅವರು ಎದ್ದು ನೀರು ಕುಡಿದು ನೇರ ಕಚೇರಿಗೆ ಬಂದರು. "ನನ್ನ ಹೆಸರಿಲೇ ಮಂದಿಗಿ ಕರೀಲತಾನ ತಂಗಿ ಅವ," ಎಂದರು. "ಫೋನ ಹಚ್ಚು."

ಇಬ್ಬರೂ ಕೂತು ಒಬ್ಬೊಬ್ಬರಿಗೇ ಹೇಳಿದರು. ಕೆಲವರು ಬೈದರು. ಸುಭದ್ರಾಬಾಯಿ ಬೈಸಿಕೊಂಡರು. ಅವರ ಫೋನಿನ ಚಾರ್ಜು ಮುಗಿಯಿತು. ಅದನ್ನು ಪ್ಲಗ್ಗಿಗೆ ಹಾಕಿ, ಮುನವ್ವರಳ ಫೋನಿನಿಂದ ಕೌಸಲ್ಯಾಬಾಯಿಗೆ ಮಾಡಿದರು. ಪಕ್ಕದ ಮನೆಯ ಕೌಸಲ್ಯಾಬಾಯಿ ಹೈದರಾಬಾದಿನಲ್ಲಿ ಕಟ್ಟಡದ ಕೆಲಸದಲ್ಲಿದ್ದಳು. ಮಗಳನ್ನು ನರ್ಸಿಂಗಿಗೆ ಸೇರಿಸಲು ಒಂದೊಂದೇ ರೂಪಾಯಿ ಕೂಡಿಸುತ್ತಿದ್ದಳು.

"ಕೌಸಲ್ಯಾ, ನಮ್ಮ ಕಡೆಯಿಂದ ತಪ್ಪಾಗ್ಯದ. ನಿಮ್ಮ ವಿವರ ಕಳ್ಳರ ಕೈಗಿ ಹೋಗ್ಯಾವ. ಕಂಪನಿ ಹೆಸರಿಲೇ ಯಾರ ಕೇಳಿದ್ರೂ ಒಟಿಪಿ ಹೇಳಬ್ಯಾಡ. ಫೋನ ಇಟ್ಟು, ನಿನಗ ಗೊತ್ತಿದ್ದ ನಂಬರಕ್ಕ ನೀನೇ ಮಾಡು."

ಆ ಕಡೆ ಕಾಂಕ್ರೀಟು ಕಲಸುವ ಯಂತ್ರದ ಸದ್ದು ಜೋರಾಗಿತ್ತು.

"ನೀವು ಸುಭದ್ರಾಬಾಯೇ ಅಂತ ನಾ ಹ್ಯಾಂಗ ನಂಬಬೇಕ್ರಿ?" ಎಂದು ಕೇಳಿ ಕೌಸಲ್ಯಾಬಾಯಿ ಫೋನು ಇಟ್ಟಳು.

ಸುಭದ್ರಾಬಾಯಿಯ ಮುಖ ಸಪ್ಪಗಾಯಿತು. ಒಂದೇ ಗೋಡೆಯ ಆಚೆ ಈಚೆ ಬಾಳಿದವಳು ಹೀಗೆ ಕೇಳಿದಳಲ್ಲ ಎಂದು ಫೋನನ್ನು ಮುನವ್ವರಳ ಕೈಗೆ ತಿರುಗಿ ಕೊಟ್ಟರು. ಅಷ್ಟರಲ್ಲಿ ಪ್ಲಗ್ಗಿಗೆ ಹಾಕಿದ್ದ ಅವರ ಸ್ವಂತ ಫೋನು ಹೊಡೆದುಕೊಳ್ಳತೊಡಗಿತು. ಕೌಸಲ್ಯಾಬಾಯಿಯದೇ.

"ಈಗ ಹೇಳ್ರಿ ಅಕ್ಕಾ," ಎಂದಳು ಅವಳು. "ಮುಂಜಾನಿ ಒಬ್ಬ ಫೋನ ಮಾಡಿದ್ದ. ಸಂಜಿಗಿ ಮತ್ತ ಮಾಡ್ತೇನಿ, ಫೋನಿಗಿ ಬರೋ ನಂಬರ ಹೇಳ್ರಿ ಅಂದಾನ. ನಾ ಹೂಂ ಅಂದಿದ್ದೆ."

ಸುಭದ್ರಾಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮುನವ್ವರ ಆಗಲೇ ಮುಂದಿನ ನಂಬರು ಒತ್ತುತ್ತಿದ್ದಳು.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಭೀಮಬಾಯಿಯ ದುಡ್ಡು ಇನ್ನೂ ಬಂದಿಲ್ಲ, ಬಂದೀತೋ ಇಲ್ಲವೋ ಗೊತ್ತಿಲ್ಲ. ನಿಮ್ಮದು ಬೇಳೆ ಕಂಪನಿ ಇರಲಿ, ಹಾಲಿನ ಸಂಘ ಇರಲಿ, ಮಂದಿಯ ವಿವರ ನಿಮ್ಮ ಹತ್ತಿರ ಇದ್ದರೆ ಅದನ್ನು ಕಾಯುವ ಹೊಣೆಯೂ ನಿಮ್ಮದೇ. ಪಾಸ್‌ವರ್ಡನ್ನು ಎಲ್ಲಿಯೂ ಬರೆದು ಅಂಟಿಸಬೇಡಿ, ಒಂದನ್ನೇ ಎಲ್ಲರಿಗೂ ಕೊಡಬೇಡಿ. ಒಟಿಪಿಯನ್ನು ಯಾರಿಗೂ ಹೇಳಬೇಡಿ. ಮೋಸವಾದರೆ ತಡಮಾಡದೆ 1930ಕ್ಕೆ ಫೋನು ಮಾಡಿ. ವಿವರ ಕಳುವಾಗಿದೆ ಎಂದು ಗೊತ್ತಾದ ದಿನವೇ ನಿಮ್ಮವರಿಗೆಲ್ಲ ಬಾಯಿಬಿಟ್ಟು ಹೇಳಿ. ನೀವು ನಾಚಿಕೊಂಡು ಕೂತಿರುವ ಹೊತ್ತಿನಲ್ಲಿ ಅವನು ಇನ್ನೊಬ್ಬ ಕೌಸಲ್ಯಾಬಾಯಿಗೆ ಫೋನು ಮಾಡುತ್ತಿರುತ್ತಾನೆ.